ನೂರಕ್ಕೆ ಎಪ್ಪತ್ತೊಂದು

ಹಾವೇರಿಯ ಬ್ಯಾಂಕಿನಿಂದ ಫೋನು ಬಂದಾಗ ನಾನು ರಾಣೆಬೆನ್ನೂರಿನಲ್ಲಿ, ನಮ್ಮ ಬೀಜ ಕಂಪನಿಯ ಪ್ರಯೋಗಾಲಯದಲ್ಲಿ ಸೌತೆಯ ಮೊಳಕೆ ಎಣಿಸುತ್ತಿದ್ದೆ. ಎಣಿಕೆಯ ನಡುವೆ ಫೋನು ಎತ್ತಬಾರದೆಂಬುದು ನಾನೇ ಬರೆದು ಗೋಡೆಗೆ ಅಂಟಿಸಿದ ನಿಯಮ. ಯಾರ ಫೋನೆಂದು ನೋಡಿ ಎತ್ತಿದೆ.

“ಮೇಡಂ, ಆ ಮೆಣಸಿನಕಾಯಿ ಬೀಜದ ಫೈಲು ಕಟ್ಟಿಟ್ಟಿದ್ರ ಬಿಚ್ರಿ,” ಎಂದರು ವಿದೇಶ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ. “ಸುತ್ತೋಲೆ ಬಂದೈತಿ. ಆ ದೇಶಕ್ಕ ಆಹಾರ, ಔಷಧ, ಬಿತ್ತೋ ಬೀಜ ಕಳಸಾಕ ಅಡ್ಡಿ ಇಲ್ಲ ಅಂತ ಸ್ಪಷ್ಟ ಬರದಾರ. ಇನ್ನ ನಿಮ್ಮ ಕಾಗದ ನಾವು ಹಿಡೀತೇವಿ.”

ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದ ಹೆಣ್ಣುಮಗಳೊಬ್ಬರು ಅಲ್ಲಿ ಇನ್ನೂ ನೌಕರಿಯಲ್ಲಿದ್ದಾರೆ. ಅವರು ನನ್ನಲ್ಲಿ ಏನು ಕೇಳಿದರೆಂಬುದನ್ನು ಮುಂದೆ ಹೇಳಲೇಬೇಕಾಗಿದೆ. ಸಮುದ್ರದಾಚೆಯ ದೇಶ, ಬಲಾಢ್ಯ ದೇಶಗಳು ನಿರ್ಬಂಧ ಹೇರಿರುವ ದೇಶ ಎಂದಷ್ಟು ತಿಳಿದರೆ ಸಾಕು. ನಿರ್ಬಂಧದ ಕಾಗದದಲ್ಲಿ ಬೀಜ ಬೇಡವೆಂದು ಯಾರೂ ಬರೆದಿರಲಿಲ್ಲ. ಆದರೂ ಆ ಹೆಸರಿದ್ದ ಕಾಗದ ಮುಟ್ಟಲು ಬ್ಯಾಂಕಿನವರು ಅಂಜುತ್ತಿದ್ದರು, ಹಡಗಿನವರು ಅಂಜುತ್ತಿದ್ದರು. ವಿಮಾನದಲ್ಲಾದರೆ ಎರಡೇ ದಿನದ ದಾರಿ; ವಿಮಾನದವರು ಊರಿನ ಹೆಸರು ಕೇಳಿದೊಡನೆ ಕೈಮುಗಿದರು. ಹೀಗಾಗಿ ನಮ್ಮ ಬೀಜ ಎಂಟು ತಿಂಗಳಿಂದ ಬ್ಯಾಡಗಿಯ ಒಂದು ಶೀತಲಗೃಹದಲ್ಲಿ, ಒಣಮೆಣಸಿನಕಾಯಿ ಚೀಲಗಳ ರಾಶಿಯಾಚೆ ನಮಗೆಂದು ಬಿಟ್ಟುಕೊಟ್ಟಿದ್ದ ಸಣ್ಣ ಕೋಣೆಯಲ್ಲಿ ಕೂತಿತ್ತು.

ಅದು ಅಂಗಡಿಯಲ್ಲಿ ಸಿಗುವ ಬೀಜವಲ್ಲ. ಆ ದೇಶದ ದಕ್ಷಿಣದಲ್ಲಿ ಒಂದು ಕಣಿವೆಯಿದೆ. ಅಲ್ಲಿನ ಬಾವಿಗಳ ನೀರು ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿದೆ. ಆ ನೀರು ಕುಡಿದೂ ಬದುಕುವ ಒಂದು ನಾಟಿ ಮೆಣಸಿನ ಗಿಡವನ್ನು ಅಲ್ಲಿಯ ರೈತರ ಸಹಕಾರ ಸಂಘದ ಕೃಷಿ ತಜ್ಞೆ ಹುಡುಕಿ, ವರ್ಷಗಟ್ಟಲೆ ಬೆಳೆಸಿ, ಶುದ್ಧ ಮಾಡಿ ಇಟ್ಟುಕೊಂಡಿದ್ದರು. ಅದಕ್ಕೆ ತಾಳಿಕೆ ಇತ್ತು, ಇಳುವರಿ ಇರಲಿಲ್ಲ. ನಮ್ಮ ಕಂಪನಿಯ ತಳಿಗೆ ಇಳುವರಿ ಇತ್ತು, ಉಪ್ಪು ತಾಗಿದರೆ ವಾರದಲ್ಲಿ ಸುಟ್ಟುಹೋಗುತ್ತಿತ್ತು. ಎರಡನ್ನೂ ಕೂಡಿಸಿ ಹಿಡಿಯಷ್ಟು ಬೀಜ ಮಾಡಿ ಅಲ್ಲಿಗೆ ಮಾದರಿಯಾಗಿ ಕಳುಹಿಸಿದೆವು. ಅಲ್ಲಿಂದ ಒಂದು ಫೋಟೊ ಬಂತು. ಬೂದಿಯಂಥ ಬಿಳಿ ನೆಲ, ಅದರ ಮೇಲೆ ಒಂದೇ ಒಂದು ಸಾಲು ಹಸಿರು. ಗಿಡಗಳ ಹಿಂದೆ ಮೊಣಕಾಲೂರಿ ಕೂತಿದ್ದ ಆ ತಜ್ಞೆ ನಗುತ್ತಿರಲಿಲ್ಲ, ಅಳುತ್ತಿದ್ದರು.

ನೂರೈವತ್ತು ಕುಟುಂಬಗಳಿಗೆ ಸಾಲುವಷ್ಟು ಬೀಜ ಬೇಕೆಂದರು. ಗಳಗನಾಥದ ಹತ್ತಿರದ ಹಳ್ಳಿಯೊಂದರಲ್ಲಿ, ನದಿಯ ನೀರು ಸಿಗುವ ಹೊಲದಲ್ಲಿ ಬಲೆಯ ಮನೆಗಳನ್ನು ಹಾಕಿ ನಲವತ್ತು ಹೆಂಗಸರು ಒಂದು ಹಂಗಾಮು ಪೂರ್ತಿ ದುಡಿದರು. ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಸಂಜೆ, ನಾಳೆ ಅರಳುವ ಮೊಗ್ಗನ್ನು ಗುರುತಿಸಿ ಚಿಮಟದಿಂದ ಅದರ ಗಂಡು ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ನಡುವಿನ ಕಡ್ಡಿಗೆ ಪೆಟ್ಟಾದರೆ ಆ ಹೂವು ಹೋಯಿತು. ಮರುದಿನ ಬಿಸಿಲೇರುವ ಮೊದಲು ಗಂಡು ಗಿಡದ, ಎಂದರೆ ಆ ಕಣಿವೆಯ ಗಿಡದ, ಪರಾಗವನ್ನು ಆ ಕಡ್ಡಿಯ ತುದಿಗೆ ಮುಟ್ಟಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರ ಇದ್ದ ಹಣ್ಣನ್ನು ಮಾತ್ರ ಕೊಯ್ಯಬೇಕು. ಆ ಹೆಂಗಸರ ಮುಂದಾಳು ಐವತ್ತು ದಾಟಿದ ಒಬ್ಬ ಅಕ್ಕ. ಕನ್ನಡಕವಿಲ್ಲದೆ ಇಡೀ ಸಾಲು ಮುಗಿಸುತ್ತಿದ್ದಳು.

“ಅಳಿಯಾ ಪರದೇಶದಾಂವ ನೋಡ್ರೆವ್ವಾ,” ಎಂದು ಪರಾಗದ ಡಬ್ಬಿ ಹಿಡಿದು ಉಳಿದವರನ್ನು ನಗಿಸುತ್ತಿದ್ದಳು. “ಉಪ್ಪು ಉಂಡು ಬೆಳದಾಂವ. ನಮ್ಮ ಹುಡುಗಿ ಸಪ್ಪಗ ಉಂಡಾಕಿ. ಹೆಂಗ ಹೊಂದಿಕೊಂತಾರೋ!”

ಹಂಗಾಮಿನ ಕೊನೆಗೆ ಸಿಕ್ಕಿದ್ದು ಇಪ್ಪತ್ತೆಂಟು ಸಣ್ಣ ಚೀಲ. ಒಂದೊಂದರಲ್ಲಿ ಐದು ಕಿಲೋ.

ಬ್ಯಾಂಕಿನ ಫೋನು ಬಂದ ದಿನವೇ ಬ್ಯಾಡಗಿಗೆ ಹೋಗಿ ಮಾದರಿ ತೆಗೆದೆ. ನೂರು ನೂರರಂತೆ ನಾಲ್ಕು ಪಾಲು, ತೇವದ ಕಾಗದದ ಮೇಲೆ. ಮೆಣಸಿನ ಬೀಜದ ಮೊದಲ ಎಣಿಕೆ ಏಳನೆಯ ದಿನ, ಕೊನೆಯದು ಹದಿನಾಲ್ಕನೆಯ ದಿನ. ಬೇರು, ಕಾಂಡ, ಎರಡೂ ಎಲೆ ನೆಟ್ಟಗಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸೊಟ್ಟ ಮೊಳಕೆ ಬದುಕಿದ್ದರೂ ಲೆಕ್ಕಕ್ಕಿಲ್ಲ. ಹದಿನಾಲ್ಕನೆಯ ದಿನ ನೂರಕ್ಕೆ ತೊಂಬತ್ತೆರಡು ಬಂತು. ಅವರ ದೇಶ ಕೇಳುತ್ತಿದ್ದದ್ದು ಎಂಬತ್ತು.

ಅಂದು ಸಂಜೆ ಆ ತಜ್ಞೆಗೆ ಫೋನು ಮಾಡಿದೆ. ನಮ್ಮಿಬ್ಬರ ಮಾತು ಮುರುಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಡುನಡುವೆ ಅವರ ಭಾಷೆಯ ಪದವೊಂದು ನನ್ನ ಮನೆಯ ಉರ್ದುವಾಗಿ ಕೇಳಿಸುತ್ತಿತ್ತು. ಜಮೀನ್ ಎಂದರೆ ಇಬ್ಬರಿಗೂ ಜಮೀನೇ, ಉಮೀದ್ ಎಂದರೆ ಇಬ್ಬರಿಗೂ ಆಸೆಯೇ. ತೊಂಬತ್ತೆರಡು ಎಂದಾಗ ಅವರು ಆ ಸಂಖ್ಯೆಯನ್ನು ಮೂರು ಸಲ ಹೇಳಿಸಿದರು. ಆಮೇಲೆ ಹೇಳಿದರು: ಆಗಸ್ಟ್ ಮುಗಿಯುವ ಮುನ್ನ ಸಸಿಮಡಿಗೆ ಬೀಜ ಬೀಳಬೇಕು. ಆಮದು ಪರವಾನಗಿಯೂ ಅಲ್ಲಿಯವರೆಗೆ ಮಾತ್ರ. ಕಣಿವೆಯಲ್ಲಿ ಕೆಲವರು ಆಗಲೇ ಮನೆಯ ಸಾಮಾನು ಕಟ್ಟುತ್ತಿದ್ದಾರೆ, ಈ ಬೀಜಕ್ಕಾಗಿ ಇನ್ನೊಂದು ಹಂಗಾಮು ತಡೆದಿದ್ದಾರೆ.

ಉಳಿದ ಕಾಗದಗಳ ಹಿಂದೆ ಬಿದ್ದೆ. ಸಸ್ಯ ಆರೋಗ್ಯ ಪ್ರಮಾಣಪತ್ರ, ತಳಿಯ ಘೋಷಣೆ, ಈ ಬೀಜ ಉಪಯೋಗಿಸುವವರು ಯಾರೆಂಬ ಪತ್ರ, ಅದರ ಮೇಲೆ ಅವರ ಸಂಘದ ಮುದ್ರೆ. ಮೂರು ಸಲ ಹಾವೇರಿಗೆ ಹೋಗಿ ಬಂದೆ. ಬೀಜಕ್ಕೆ ಶಿಲೀಂಧ್ರ ತಾಗದಂತೆ ಔಷಧದ ಲೇಪ ಕೊಡಬೇಕೆಂದು ಅವರ ದೇಶದ ನಿಯಮವಿತ್ತು. ಲೇಪದಲ್ಲಿ ಕೆಂಪು ಬಣ್ಣ ಬೆರೆಸಿರುತ್ತಾರೆ, ಯಾರೂ ಅಡಿಗೆಗೆ ಉಪಯೋಗಿಸಬಾರದೆಂದು. ನಾನೇ ನಿಂತು ಲೇಪ ಕೊಡಿಸಿದೆ. ಒಣಗಿಸಿ, ತೇವಾಂಶ ಶೇಕಡಾ ಆರಕ್ಕೆ ಇಳಿಸಿ, ತಗಡಿನ ಹಾಳೆಯ ಪೊಟ್ಟಣಗಳಲ್ಲಿ ಗಾಳಿಯಾಡದಂತೆ ಮುಚ್ಚಿ, ಚೀಲಗಳಿಗೆ ತುಂಬಿಸಿ, ಮತ್ತೆ ಬ್ಯಾಡಗಿಯ ತಂಪಿನಲ್ಲಿಟ್ಟೆವು.

ಉಳಿದದ್ದು ಹಡಗು. ಬಂದರಿನ ನಮ್ಮ ಏಜೆಂಟ್, ಹಡಗಿನ ಕಂಪನಿ ಬಾಯಿಮಾತಿನಲ್ಲಿ ಒಪ್ಪಿದೆ, ಬರೆದುಕೊಡಲು ಮೂರು ವಾರ ಕೇಳುತ್ತಿದೆ ಎಂದರು. ಬೇರೆಯವರ ಸರಕಿನ ತಂಪು ಕಂಟೇನರಿನಲ್ಲಿ ಒಂದು ಮೂಲೆ ಇದೆ, ಈಗಲೇ ಕಳುಹಿಸಿದರೆ ಸಿಗುತ್ತದೆ ಎಂದೂ ಸೇರಿಸಿದರು.

ನಮ್ಮ ಮಾಲೀಕರು ಎಪ್ಪತ್ತರ ಹಿರಿಯರು. ಮಾತು ಕಡಿಮೆ. ಟೇಬಲ್ಲಿನ ಮೇಲೆ ಎರಡೂ ಕೈ ಊರಿ ಕೂತು ನನ್ನ ಮಾತು ಪೂರ್ತಿ ಕೇಳಿದರು.

“ಅವಸರ ಮಾಡಬ್ಯಾಡವಾ,” ಎಂದರು. “ಬ್ಯಾಡಗ್ಯಾಗ ತಂಪಿನ್ಯಾಗ ಕುಂತೈತಿ, ಕುಂದರ್ಲಿ. ಹಡಗಿನವರ ಕಡಿಂದ ಬರದ ಕಾಗದ ಬರ್ಲಿ, ಆಮ್ಯಾಲ ಚೀಲ ಎತ್ತೂಣು.”

“ಸರ, ಮೂರು ವಾರ ಕುಂತ್ರ ಈ ಕಂಟೇನರ್ ಹೋಗತೈತ್ರಿ. ಮುಂದಿಂದು ಯಾವಾಗ ಅಂತ ಯಾರೂ ಹೇಳವಲ್ರು. ಅಲ್ಲಿ ಸಸಿ ಹಾಕೋ ಹೊತ್ತು ದಾಟಿಬಿಡತೈತಿ.”

“ನಿನಗ ಖಾತ್ರಿ ಐತೇನು?”

“ಸುತ್ತೋಲಿ ನಾನ ಓದೇನ್ರಿ. ಬೀಜ ಅಂತ ಚೊಕ್ಕ ಬರದಾರ. ಖಾತ್ರಿ ಐತ್ರಿ.”

ಅವರು ಕಿಟಕಿಯ ಕಡೆ ನೋಡಿದರು. “ಆತು, ಕಳಸು,” ಎಂದರು.

ಆ ಸುತ್ತೋಲೆಯನ್ನು ನಾನು ಓದಿದ್ದು ನಿಜ. ಅದರಲ್ಲಿ ಏನಿದೆ ಎಂದು ಓದಿದ್ದೆ. ಏನಿಲ್ಲ ಎಂದು ಓದಿರಲಿಲ್ಲ.

ಮೇ ತಿಂಗಳ ನಡುವೆ ಚೀಲಗಳು ಬಂದರು ಮುಟ್ಟಿದವು. ನಾಲ್ಕನೆಯ ದಿನ ಏಜೆಂಟ್ ಫೋನು ಮಾಡಿದರು. ಸರಕಿನ ವಿವರದಲ್ಲಿ ‘ಔಷಧ ಲೇಪಿತ ಬೀಜ’ ಎಂದಿತ್ತು. ಕೆಳಗೆ ಔಷಧದ ಹೆಸರಿತ್ತು. ಹಡಗಿನವರು ತಡೆದಿದ್ದು ಆ ಹೆಸರನ್ನು ನೋಡಿ. ಸಡಿಲವಾಗಿದ್ದದ್ದು ಬೀಜದ ಮೇಲಿನ ತಡೆ. ರಾಸಾಯನಿಕಗಳ ಮೇಲಿನದು ಹಾಗೇ ಇತ್ತು. ಇದು ಬೀಜವೋ ರಾಸಾಯನಿಕವೋ ಎಂದು ಮೇಲಿನವರು ಬರೆದುಕೊಡುವವರೆಗೆ ಹತ್ತಿಸುವುದಿಲ್ಲ ಎಂದರು. ಉಳಿದವರ ಸರಕು ಕಾಯುವ ಹಾಗಿರಲಿಲ್ಲ. ನಮ್ಮ ಇಪ್ಪತ್ತೆಂಟು ಚೀಲಗಳನ್ನು ಕೆಳಗಿಳಿಸಿ, ಕಂಟೇನರ್ ತನ್ನ ದಾರಿ ಹಿಡಿದು ಹೋಯಿತು.

ಅಂದಿನಿಂದ ನಾನು ಮಾಡಿದ ಕೆಲಸವೆಂದರೆ ಬರೆಯುವುದು. ಒಂದು ಬೀಜದ ಮೇಲಿರುವ ಔಷಧದ ತೂಕ ಎಷ್ಟು, ಅದನ್ನು ಮತ್ತೆ ಬೇರ್ಪಡಿಸಲು ಬರುತ್ತದೆಯೇ, ಬೇರ್ಪಡಿಸಿದರೆ ಬೇರೆ ಯಾವುದಕ್ಕಾದರೂ ಉಪಯೋಗವಾದೀತೇ ಎಂದೆಲ್ಲ ಕೇಳಿದರು. ಉತ್ತರ ಬರೆದೆ. ಉತ್ತರಕ್ಕೆ ಆಧಾರ ಕೇಳಿದರು. ಆಧಾರ ಕಳುಹಿಸಿದೆ. ಎರಡು ಬೇರೆ ಬೇರೆ ಕಚೇರಿಯವರು ಬಂದು ಮಾದರಿ ತೆಗೆದರು. ಯಾರ ಮೇಲೂ ತಪ್ಪು ಹೊರಿಸಲಾರೆ; ಎಲ್ಲರೂ ತಮ್ಮ ತಮ್ಮ ನಿಯಮದ ಪ್ರಕಾರ ನಡೆದರು. ಆದರೆ ಪ್ರತಿ ಮಾದರಿಗೂ ಪೊಟ್ಟಣಗಳನ್ನು ಕತ್ತರಿಸಿದರು, ಕತ್ತರಿಸಿದ್ದಕ್ಕೆ ಟೇಪು ಅಂಟಿಸಿದರು. ಅಷ್ಟರಲ್ಲಿ ಕರಾವಳಿಗೆ ಮಳೆ ಬಂತು.

ಇಪ್ಪತ್ತೈದನೆಯ ದಿನ ತಡೆಯಲಾಗದೆ ನಾನೇ ಹೊರಟೆ. ಬ್ಯಾಗಿನಲ್ಲಿ ತೇವಾಂಶ ನೋಡುವ ಯಂತ್ರ ಇಟ್ಟುಕೊಂಡಿದ್ದೆ. ಏಜೆಂಟ್ ನನ್ನನ್ನು ಉಗ್ರಾಣಕ್ಕೆ ಕರೆದೊಯ್ದರು. ತಗಡಿನ ಸೂರು, ನಾಲ್ಕೂ ಕಡೆಯಿಂದ ನುಗ್ಗುವ ಉಪ್ಪುಗಾಳಿ. ಚೀಲದ ಮೇಲೆ ಕೈಯಿಟ್ಟೆ, ಅಂಗೈ ಒದ್ದೆಯಾಯಿತು. ಟೇಪು ಬಿಟ್ಟುಕೊಂಡಿದ್ದ ಪೊಟ್ಟಣದಿಂದ ಹಿಡಿ ಬೀಜ ತೆಗೆದು ಯಂತ್ರಕ್ಕೆ ಹಾಕಿದೆ. ಹನ್ನೊಂದೂವರೆ; ಇರಬೇಕಾದದ್ದು ಆರು. ನಂಬದೆ ಇನ್ನೊಂದು ಚೀಲ ನೋಡಿದೆ. ಹನ್ನೊಂದು. ಬೀಜ ಕೈಗೆ ಅಂಟುತ್ತಿತ್ತು, ಅಂಗೈಯೆಲ್ಲ ಕೆಂಪು.

“ಇವುಗಳನ್ನು ತಂಪು ಕೋಣೆಗೆ ಹಾಕಿಸಿ, ನಿಮ್ಮ ಕಾಲಿಗೆ ಬೀಳುತ್ತೇನೆ,” ಎಂದೆ.

“ಅಲ್ಲಿ ತಿನ್ನುವ ಪದಾರ್ಥ ಉಂಟಲ್ಲ ಮೇಡಂ. ಇದಕ್ಕೆ ವಿಷ ಹಚ್ಚಿದ್ದು ಅಂತ ಅವರು ಬಿಡುವುದಿಲ್ಲ. ನಾನು ಕೇಳದೆ ಇರ್ತೇನಾ? ಎರಡು ಸರ್ತಿ ಕೇಳಿ ಆಯ್ತು,” ಎಂದರು ಅವರು. ಅವರ ಮುಖದಲ್ಲೂ ಸಂಕಟವಿತ್ತು.

ಟೇಪನ್ನು ಮತ್ತೆ ಒತ್ತಿ ಅಂಟಿಸಿದೆ. ಗೋಣಿ ಕೇಳಿ ಪಡೆದು ಚೀಲಗಳ ಕೆಳಗೆ ಹಾಕಿಸಿದೆ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬೀಜ ಒಳಗೆ ನೀರು ಎಳೆದುಕೊಂಡಿತೆಂದರೆ ಉಸಿರಾಟ ಹೆಚ್ಚಿಸುತ್ತದೆ; ಮೊಳೆಯಲು ಮಣ್ಣಿಲ್ಲ, ಮಲಗಲು ತಂಪಿಲ್ಲ, ತನ್ನನ್ನು ತಾನೇ ತಿಂದುಕೊಂಡು ಮುಗಿಯುತ್ತದೆ. ನಾನು ಹೊಸಬರಿಗೆ ಪಾಠ ಹೇಳುವ ವಿಷಯವಿದು. ಅಂದು ಅದನ್ನು ಅಲ್ಲಿಯೇ ನಿಂತು ನೋಡುತ್ತಿದ್ದೆ.

ನಲವತ್ತಮೂರನೆಯ ದಿನ ಕಾಗದ ಬಂತು. ಔಷಧ ಲೇಪಿತವಾಗಿದ್ದರೂ ಬಿತ್ತನೆ ಬೀಜವನ್ನು ಕೃಷಿ ಸರಕೆಂದೇ ಪರಿಗಣಿಸತಕ್ಕದ್ದು. ಒಂದೇ ವಾಕ್ಯ. ಬ್ಯಾಂಕಿನ ಅಧಿಕಾರಿ ಹಾವೇರಿಯಿಂದ ಫೋನು ಮಾಡಿ, “ಗೆದ್ರಿ ನೋಡ್ರಿ ಮೇಡಂ!” ಎಂದರು. ಮಾಲೀಕರು ಪೇಢೆ ತರಿಸಿ ಎಲ್ಲರಿಗೂ ಹಂಚಿದರು. ನನ್ನ ಪಾಲಿನದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಹಡಗಿಗೆ ಹತ್ತಿಸುವ ಮುನ್ನ ಹೊಸ ಮೊಳಕೆ ವರದಿ ಕೊಡಬೇಕೆಂದು ಒಪ್ಪಂದದಲ್ಲಿತ್ತು. ಏಜೆಂಟ್ ಕಳುಹಿಸಿದ ಮಾದರಿಯನ್ನು ನಾಲ್ಕು ನೂರು ಮಾಡಿ ಕಾಗದದ ಮೇಲೆ ಜೋಡಿಸಿದೆ. ಇದರ ಜೊತೆಗೆ ಯಾರೂ ಕೇಳದ ಇನ್ನೊಂದು ಪರೀಕ್ಷೆಯನ್ನೂ ಹೂಡಿದೆ. ಆ ಕಣಿವೆಯ ಬಾವಿನೀರಿನಲ್ಲಿ ಎಷ್ಟು ಉಪ್ಪಿದೆಯೆಂದು ತಜ್ಞೆ ಹಿಂದೆ ಬರೆದು ಕಳುಹಿಸಿದ್ದರು. ಅಷ್ಟೇ ಉಪ್ಪು ಬೆರೆಸಿದ ನೀರಿನಲ್ಲಿ ಇನ್ನೂ ನಾಲ್ಕು ನೂರು ಇಟ್ಟೆ.

ಏಳನೆಯ ದಿನದ ಎಣಿಕೆ ನೋಡಿ ಬಾಗಿಲು ಹಾಕಿಕೊಂಡೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಮಸೂರ ಹಿಡಿದು ಕೂತೆ. ಒಂದು ಬೀಜದಲ್ಲಿ ಬೇರು ಬಂದು ತುದಿ ಕಂದಾಗಿತ್ತು. ಇನ್ನೊಂದರಲ್ಲಿ ಎಲೆ ಬಿಚ್ಚಲು ಹೋಗಿ ಸಿಪ್ಪೆಯಲ್ಲೇ ಸಿಕ್ಕಿಕೊಂಡಿತ್ತು. ಅಂಥದ್ದನ್ನು ಒಳ್ಳೆಯ ಮೊಳಕೆಗಳ ಕಡೆ ಸರಿಸಬೇಕೆಂದು ಕೈ ಎಷ್ಟು ಸಲ ಹೋಯಿತೆಂದು ಹೇಳಲಾರೆ. ಕೊನೆಗೆ ಬಂದದ್ದು ನೂರಕ್ಕೆ ಎಪ್ಪತ್ತೊಂದು. ಉಪ್ಪುನೀರಿನಲ್ಲಿ ಮೂವತ್ತಾರು.

ಮಾಲೀಕರ ಮುಂದೆ ಎರಡೂ ಹಾಳೆ ಇಟ್ಟೆ. ಬಹಳ ಹೊತ್ತು ನೋಡಿದರು. “ಪೆನ್ನು ನಿನ್ನ ಕೈಯಾಗ ಐತಿ,” ಎಂದರು. “ಏನ್ ಬರಿ ಅಂತ ನಾ ಹೇಳಂಗಿಲ್ಲ. ನೀ ಏನ್ ಬರದ್ರೂ ಯಾಕ ಅಂತನೂ ಕೇಳಂಗಿಲ್ಲ.”

ಮಧ್ಯಾಹ್ನ ತಜ್ಞೆಗೆ ಫೋನು ಮಾಡಿದೆ. ಎಪ್ಪತ್ತೊಂದು ಎಂದೆ. ಈ ಸಲ ಅವರು ಸಂಖ್ಯೆಯನ್ನು ಮತ್ತೆ ಹೇಳಿಸಲಿಲ್ಲ.

“ಸಸಿ ಟ್ರೇಗಳನ್ನು ತುಂಬಿಸಿಟ್ಟಿದ್ದೇನೆ,” ಎಂದರು. ಆಮೇಲೆ, “ಎಂಬತ್ತೈದು ಎಂದು ಬರೆಯಿರಿ,” ಎಂದರು.

ಎದುರಿಗಿದ್ದ ವರದಿಯ ಹಾಳೆಯನ್ನು ಮಗುಚಿಟ್ಟೆ.

“ಇಲ್ಲಿ ಯಾರೂ ಮತ್ತೆ ಎಣಿಸುವುದಿಲ್ಲ. ಎಣಿಸುವವಳು ನಾನೊಬ್ಬಳೇ. ಒಂದೊಂದು ಗುಣಿಗೆ ಎರಡು ಬೀಜ ಹಾಕಿಸುತ್ತೇನೆ. ನಿಮ್ಮ ಕಾಗದದಲ್ಲಿ ಒಂದು ಸಂಖ್ಯೆ, ಅಷ್ಟೇ.”

ಉಪ್ಪುನೀರಿನ ಪರೀಕ್ಷೆಯನ್ನು ಹೇಳಿದೆ. ಮೂವತ್ತಾರು ಎಂದೆ. ಸಮುದ್ರದ ಮೇಲೆ ಇನ್ನೂ ಮೂರು ವಾರ ಇದೆ, ಇಳಿಯಲು ತೊಡಗಿದ ಬೀಜ ಇಳಿಯುತ್ತಲೇ ಹೋಗುತ್ತದೆ, ನಿಮ್ಮ ಕೈಗೆ ಬರುವಾಗ ಎಷ್ಟು ಉಳಿದಿರುತ್ತದೋ ನನಗೇ ಗೊತ್ತಿಲ್ಲ ಎಂದೆ.

“ಮೂವತ್ತಾರು ಸೊನ್ನೆಗಿಂತ ದೊಡ್ಡದು,” ಎಂದರು ಅವರು. “ನೀವು ನನ್ನ ಕಣಿವೆ ನೋಡಿಲ್ಲ.”

ಹೌದು, ನೋಡಿರಲಿಲ್ಲ. ನಾನು ನೋಡಿದ್ದು ಬೇರೆಯದು. ಮೊಳೆಯದ ಬೀಜ ಬಿತ್ತಿದವರು ಅದೇ ಪೊಟ್ಟಣ ಹಿಡಿದು ನಮ್ಮ ಬಾಗಿಲಿಗೆ ಬಂದದ್ದನ್ನು ನೋಡಿದ್ದೇನೆ. ಅವರಿಗೆ ಬಂದರು ಗೊತ್ತಿರುವುದಿಲ್ಲ, ತೇವಾಂಶ ಗೊತ್ತಿರುವುದಿಲ್ಲ. ತಮ್ಮ ನೆಲವೇ ಸತ್ತಿದೆ ಎಂದುಕೊಳ್ಳುತ್ತಾರೆ. ಆ ಕಣಿವೆಯವರು ಇದ್ದಬದ್ದ ಬಾವಿನೀರನ್ನೆಲ್ಲ ಸಸಿಗೆ ಹಾಕಿ, ಮೂರರಲ್ಲಿ ಎರಡು ಸತ್ತಾಗ, ಈ ಗಿಡವೂ ಉಪ್ಪಿಗೆ ಸೋತಿತೆಂದೇ ತಿಳಿಯುತ್ತಾರೆ. ಆಮೇಲೆ ಆ ತಜ್ಞೆ ಹೊಸ ಬೀಜ ತಂದರೂ ಯಾರು ಕೈಚಾಚುತ್ತಾರೆ? ಇದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಲು ಹೋದೆ. ಅರ್ಧಕ್ಕೆ ಪದ ಸಿಗದೆ ಉರ್ದುವಿನಲ್ಲಿ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ.

“ನೀವು ಒಳ್ಳೆಯವರು,” ಎಂದರು. “ನನಗೆ ಇವತ್ತು ಒಳ್ಳೆಯವರು ಬೇಕಿರಲಿಲ್ಲ.”

ಫೋನು ಇಟ್ಟರು.

ವರದಿಯ ಹಾಳೆಯಲ್ಲಿ ಎಲ್ಲ ಅಂಕಣ ತುಂಬಿಸಿ, ಆ ಒಂದು ಚೌಕ ಖಾಲಿ ಬಿಟ್ಟು, ಎದ್ದು ಹೋಗಿ ಮುಖ ತೊಳೆದು ಬಂದೆ. ನನ್ನ ಖಾತ್ರಿಯ ಮಾತಿನಿಂದಲೇ ಬೀಜ ತಂಪು ಬಿಟ್ಟು ಹೊರಬಂದಿತ್ತು. ಮಾಲೀಕರ ಮಾತು ಕೇಳಿ ಮೂರು ವಾರ ಕಾದಿದ್ದರೆ, ಲೇಪದ ತಕರಾರು ಕಾಗದದಲ್ಲೇ ಎದ್ದು ಕಾಗದದಲ್ಲೇ ಮುಗಿಯುತ್ತಿತ್ತು. ಬೀಜ ಬ್ಯಾಡಗಿಯಲ್ಲಿ ತೊಂಬತ್ತೆರಡಾಗಿಯೇ ಇರುತ್ತಿತ್ತು. ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಬಹುದಿತ್ತು. ಮುಚ್ಚಿದ್ದರೆ ಕೆಲವು ಮನೆಗಳವರಾದರೂ ಬೆಳೆ ನೋಡುತ್ತಿದ್ದರೇನೋ. ಈಗಲೂ ಗೊತ್ತಿಲ್ಲ. ಎಪ್ಪತ್ತೊಂದು ಎಂದು ಬರೆದೆ, ಸಹಿ ಮಾಡಿದೆ.

ಎಂಬತ್ತಕ್ಕಿಂತ ಕಡಿಮೆಯಿದ್ದುದರಿಂದ ಅವರ ದೇಶದ ಪರವಾನಗಿ ತಾನಾಗಿಯೇ ಬಿದ್ದುಹೋಯಿತು. ಚೀಲಗಳು ಲಾರಿಯಲ್ಲಿ ವಾಪಸು ಬಂದವು. ಈ ತಳಿಯನ್ನು ನಮ್ಮಲ್ಲಿ ಮಾರಲು ಅನುಮತಿಯಿರಲಿಲ್ಲ. ಔಷಧ ಹಚ್ಚಿದ್ದರಿಂದ ಇನ್ನಾವುದಕ್ಕೂ ಬರುತ್ತಿರಲಿಲ್ಲ. ನಿಯಮದ ಪ್ರಕಾರ ಹೂಳಬೇಕು. ಮತ್ತೆ ಬೀಜ ಮಾಡೋಣವೆಂದರೆ ಗಂಡು ತಳಿಯ ಗಿಡಗಳನ್ನು ಕ್ರಾಸಿಂಗ್ ಮುಗಿದ ವಾರವೇ ಒಪ್ಪಂದದಂತೆ ಕಿತ್ತು ಸುಟ್ಟಿದ್ದೆವು. ಆ ಬೀಜವನ್ನು ಮತ್ತೆ ಕಳುಹಿಸಿ ಎಂದು ತಜ್ಞೆಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಕುಮಾರಪಟ್ಟಣದ ರಸ್ತೆಯಲ್ಲಿ ಕಂಪನಿಯ ಒಂದು ತುಂಡು ಹೊಲವಿದೆ. ಅಲ್ಲಿ ಆಳೆತ್ತರದ ಗುಂಡಿ ತೋಡಿಸಿ, ತಳಕ್ಕೆ ಸುಣ್ಣ ಹಾಕಿಸಿದೆ. ಯಾರು ಹೇಳಿದರೋ, ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಟಂಟಂ ಬಂದು ನಿಂತಿತು. ಮುಂದಾಳು ಅಕ್ಕ ಇಳಿದಳು. ಹಿಂದೆ ಏಳೆಂಟು ಹೆಂಗಸರು. ಸಾವಿನ ಮನೆಗೆ ಬಂದವರ ಹಾಗೆ ಸೆರಗು ಹೊದ್ದು ಒಂದು ಬದಿಗೆ ನಿಂತರು.

ಅಕ್ಕ ಒಂದು ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿದಳು. ಮುಟ್ಟಬೇಡ, ಔಷಧ ಇದೆ ಎಂದೆ. ಕೈ ಹಿಂದೆ ತೆಗೆದಳು.

“ಎಲ್ಲಾ ಸತ್ತಾವೇನ್ ತಂಗಿ?”

ಸತ್ತಿವೆ ಎನ್ನಬಹುದಿತ್ತು. “ಇಲ್ಲಕ್ಕ. ನೂರಕ್ಕ ಎಪ್ಪತ್ತೊಂದು ಬದುಕ್ಯಾವ.”

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು. “ಬದುಕ್ಯಾವ? ಹಂಗಾದ್ರ ಜೀವ ಇದ್ದದ್ದನ್ನ ಹುಗಿಯಾಕತ್ತೀರೇನು?”

ಹಿಂದಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೊತ್ತಿ ಅಳತೊಡಗಿದಳು. ನಿಯಮ, ಎಂಬತ್ತು, ಉಪ್ಪುನೀರು, ಯಾವುದನ್ನೂ ಹೇಳಲು ನನ್ನಿಂದಾಗಲಿಲ್ಲ. ಹೇಳಬೇಕಾದದ್ದು ಒಂದೇ ಇತ್ತು.

“ಸಾಹೇಬರು ಕಳಸಬ್ಯಾಡ ಅಂದಿದ್ರಕ್ಕ. ಲಗೂ ಕಳಸ್ರಿ ಅಂದಾಕಿ ನಾನ. ಇವು ತಂಪಿನ್ಯಾಗ ಇದ್ದಿದ್ರ ಛಲೋ ಇರ್ತಿದ್ವು. ನನ್ನಿಂದ ಆತು.”

ಅಕ್ಕ ಗುಂಡಿಯ ಕಡೆ ತಿರುಗಿದಳು. ಸಿಟ್ಟು ಮಾಡುತ್ತಾಳೆಂದು ಕಾದೆ. ಸಿಟ್ಟು ಮಾಡಿದ್ದರೆ ಹಗುರಾಗುತ್ತಿತ್ತು.

“ನಮಗೂ ದಿನಾ ಮುಂಜಾನೆ ಲಗೂ ಲಗೂ ಅಂತಿದ್ದಿ,” ಎಂದಳು. “ಬಿಸಲೇರಿದ್ರ ಹೂವು ಕೂಡಂಗಿಲ್ಲ ಅಂತ. ಕೂಸಿಗೆ ಹಾಲು ಕುಡಸೂದು ಬಿಟ್ಟು ಸಾಲಿಗೆ ನಿಂತೇವಿ. ಲಗೂ ಮಾಡಿದ್ದಕ್ಕನ ಇಷ್ಟು ಬೀಜ ಆಗಿದ್ವು.”

ಚೀಲಗಳನ್ನು ಒಂದೊಂದಾಗಿ ಇಳಿಸಿದರು. ಕೆಂಪು ಬೀಜ ಸುಣ್ಣದ ಮೇಲೆ ಬಿದ್ದು ಹರಡಿತು. ನಲವತ್ತು ಹೆಂಗಸರ ಒಂದು ಹಂಗಾಮು ಅರ್ಧ ತಾಸಿನಲ್ಲಿ ಗುಂಡಿಯ ಮೊಣಕಾಲೆತ್ತರಕ್ಕೂ ಬರಲಿಲ್ಲ. ಮಣ್ಣು ಎಳೆಯುವಾಗ ಆ ಹೆಂಗಸರು ಯಾರೂ ಹೋಗಲಿಲ್ಲ. ಮುಗಿದ ಮೇಲೆ ಅಲ್ಲೇ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಟಂಟಂ ಹತ್ತಿದರು.

ತಜ್ಞೆಯಿಂದ ಅಕ್ಟೋಬರಿನಲ್ಲಿ ಒಂದು ಸಂದೇಶ ಬಂತು. ಹಂಗಾಮು ಹೋಯಿತು, ಕಣಿವೆಯ ಎಪ್ಪತ್ತು ಮನೆಗಳಿಗೆ ಬೀಗ ಬಿದ್ದಿದೆ, ಸಂಘ ಈ ಯೋಜನೆ ಮುಚ್ಚಿದೆ. ನನ್ನನ್ನು ದೂರಿರಲಿಲ್ಲ. ಕ್ಷಮಿಸಿದ್ದೇನೆಂದೂ ಬರೆದಿರಲಿಲ್ಲ.

ನಮ್ಮ ಫೈಲಿನ ಮೇಲೆ ಹೊರಟ ಆ ಒಂದು ವಾಕ್ಯ ಮಾತ್ರ ಉಳಿಯಿತು. ಈಗ ಲೇಪಿತ ಬೀಜವನ್ನು ಯಾರೂ ತಡೆಯುವುದಿಲ್ಲ. ಕಳೆದ ವರ್ಷ ಬೇರೆ ಊರಿನ ಕಂಪನಿಯೊಂದರ ಕಲ್ಲಂಗಡಿ ಬೀಜ ಒಂದೇ ವಾರದಲ್ಲಿ ಆ ದೇಶಕ್ಕೆ ಹೋಗುವ ಹಡಗು ಹತ್ತಿತೆಂದು ಏಜೆಂಟ್ ಫೋನು ಮಾಡಿ ತಿಳಿಸಿದರು. “ನಿಮ್ಮಿಂದಾಗಿ ದಾರಿ ಆಯ್ತು ಮೇಡಂ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಹಳ ಸಂತೋಷ ಎಂದೆ.

ಈ ವರ್ಷ ಗಳಗನಾಥದ ಕಡೆ ಮತ್ತೆ ಬಲೆಯ ಮನೆ ಹಾಕಿದ್ದೇವೆ, ಇಲ್ಲಿಯದೇ ಮಾರಾಟದ ಟೊಮೆಟೊಗೆ. ಮೊನ್ನೆ ಸಂಜೆ ಮೊಗ್ಗುಗಳ ಹದ ನೋಡಲು ಹೋಗಿದ್ದೆ. ಅಕ್ಕ ಈಗ ಕನ್ನಡಕ ಹಾಕುತ್ತಾಳೆ. ಚಿಮಟ ಆಡಿಸುತ್ತಲೇ, ತಲೆಯೆತ್ತದೆ ಕೇಳಿದಳು.

“ತಂಗಿ, ಆ ಪರದೇಶದ ಹೆಣ್ಮಗಳು... ಆಮ್ಯಾಲ ಏನ್ ಮಾಡಿದ್ಲು? ಅವರಿಗೆ ಬಿತ್ತಾಕ ಏನರ ಸಿಕ್ತೇನು?”

ನಾನು ಪಕ್ಕದ ಗಿಡದ ಮೊಗ್ಗೊಂದನ್ನು ಹಿಡಿದು ನೋಡಿದೆ.

“ಸಿಕ್ತಕ್ಕ,” ಎಂದೆ. “ಬ್ಯಾರೆ ಕಡೆಯಿಂದ ತರಿಸಿದ್ರಂತ. ಬೆಳಿ ಛಲೋ ಬಂತಂತ.”

ಅಕ್ಕನ ಕೈ ಒಂದು ಕ್ಷಣ ನಿಂತಿತು. “ಹಂಗಾದ್ರ ಬಿಡವಾ,” ಎಂದಳು, ದೊಡ್ಡದಾಗಿ ಉಸಿರು ಬಿಟ್ಟು. “ನಾ ಎಷ್ಟು ದಿನದಿಂದ ಕೇಳಬೇಕಂತಿದ್ದೆ. ಅಂಜಿಕಿ ಆಗ್ತಿತ್ತು.”

ಹಿಂದಿನ ಸಾಲಿನವರಿಗೂ ಕೂಗಿ ಹೇಳಿದಳು: “ಏ, ಕೇಳಿದ್ರೇನವಾ? ಅಲ್ಲಿ ಬೆಳಿ ಬಂತಂತ!”